ಉಳುವವನಿಗೊಂದು ರೇಡಿಯೋ

ಉಡುಗೊರೆಯನ್ನು ಕೊಡುವುದು ಸುಲಭ; ಒಪ್ಪುವ ಉಡುಗೊರೆಯನ್ನು ಆರಿಸುವುದು ಕಷ್ಟ. ಶಲ್ಯ ಪಂಚೆಗಳು ಪೆಟ್ಟಿಗೆಯನ್ನು ಸೇರುವುವು. ಬೆಳ್ಳಿಯ ಬಟ್ಟಲು ಬೀರುವನ್ನು ಸೇರುವುದು. ದಿನದಿನವೂ ಬಳಕೆಗೆ ಬಂದು, ದುಡಿಮೆಯ ಬೇಸರವನ್ನು ಕಳೆದು, ಕೊಟ್ಟವರನ್ನು ಪ್ರೀತಿಯಿಂದ ನೆನೆಯುವಂತೆ ಮಾಡುವ ವಸ್ತುಗಳು ವಿರಳ. ಅಂತಹವುಗಳಲ್ಲಿ ಬೇಸಾಯಗಾರನ ಟ್ರಾಕ್ಟರಿಗೆ ಹಾಕಿಸಿಕೊಡುವ ರೇಡಿಯೋ ಒಂದು. ಆದರೆ ಅಂಗಡಿಯಲ್ಲಿ ಹಣವನ್ನೆಣಿಸಿ ಕೊಟ್ಟ ಮಾತ್ರಕ್ಕೆ ಈ ಉಡುಗೊರೆ ಪೂರ್ಣವಾಗುವುದಿಲ್ಲ. ಅರಿತು ಆರಿಸದಿದ್ದರೆ, ಸರಿಯಾಗಿ ಜೋಡಿಸದಿದ್ದರೆ, ಅದೇ ಉಪದ್ರವಕ್ಕೆ ಕಾರಣವಾಗುವುದುಂಟು. ಇದನ್ನು ಸ್ವಾನುಭವದಿಂದ ಹೇಳುತ್ತಿದ್ದೇನೆ.

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದುದು. ಹೊಲಗಳಲ್ಲಿ ಕಡಲೆಕಾಯಿ, ರಾಗಿ. ನೀರಿರುವೆಡೆ ತೆಂಗು, ಅಡಕೆ. ಮಳೆ ಬಿದ್ದು ನೆಲ ಹದಕ್ಕೆ ಬಂದರೆ ಆ ಹದ ಕೆಲವೇ ದಿನ ನಿಲ್ಲುವುದು. ಆ ದಿನಗಳಲ್ಲಿ ಟ್ರಾಕ್ಟರುಳ್ಳವನಿಗೆ ಊಟ ನಿದ್ರೆಗಳ ಹೊತ್ತೇ ಗೊತ್ತಿರುವುದಿಲ್ಲ. ತನ್ನ ಹೊಲ ಮುಗಿಸಿ ನೆರೆಯವರ ಹೊಲಗಳನ್ನು ಬಾಡಿಗೆಗೆ ಉಳುತ್ತ ರಾತ್ರಿಯಾಗುವುದು. ಎತ್ತುಗಳೊಡನೆ ಮಾತನಾಡುತ್ತ ಉಳುತ್ತಿದ್ದವನಿಗೆ ಜೊತೆಯಿತ್ತು. ಯಂತ್ರದ ಮೇಲೆ ಕುಳಿತವನು ಒಂಟಿ. ಅವನಿಗೊಂದು ಮಾತು, ಒಂದು ಹಾಡು, ನಾಳಿನ ಹವೆಯ ಸುದ್ದಿ ಸಿಕ್ಕುವುದಾದರೆ ಅದು ಸಣ್ಣ ಉಪಕಾರವಲ್ಲ.

ಹೀಗೆಂದೇ ಭಾವಿಸಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಪಾವಗಡದ ಸೀಮೆಯಲ್ಲಿ ಬೇಸಾಯ ಮಾಡುತ್ತಿರುವ ತಂದೆಗೆ ಯುಗಾದಿಯಲ್ಲಿ ಒಂದು ರೇಡಿಯೋವನ್ನು ಹಾಕಿಸಿಕೊಟ್ಟನು. ಥಳಥಳಿಸುವ ದೀಪಗಳು, ಧ್ವನಿಯನ್ನು ಹಿಗ್ಗಿಸುವ ಬೇರೊಂದು ಪೆಟ್ಟಿಗೆ, ತಟ್ಟೆಯಗಲದ ಎರಡು ಸ್ಪೀಕರುಗಳು. ಜೋಡಿಸಿದವನು ತಂತಿಯನ್ನು ನೇರವಾಗಿ ಬ್ಯಾಟರಿಗೆ ಬಿಗಿದು, ಫ್ಯೂಸನ್ನೂ ಹಾಕದೆ, ಕೂಲಿ ಪಡೆದು ಹೋದನು. ಮುಂಗಾರು ಬಂದಿತು. ಬಿತ್ತನೆಯ ಬೆಳಗ್ಗೆ ನಮ್ಮ ಭಾವನವರು ಕೀಲಿಯನ್ನು ತಿರುಗಿಸಿದರೆ ಟಕ್ಕೆಂಬ ಸದ್ದಲ್ಲದೆ ಮತ್ತೇನೂ ಇಲ್ಲ. ರೇಡಿಯೋವನ್ನು ನಿಲ್ಲಿಸಿದ ಮೇಲೂ ಆ ಪೆಟ್ಟಿಗೆ ಒಳಗೊಳಗೇ ವಿದ್ಯುತ್ತನ್ನು ಹೀರುತ್ತಲೇ ಇದ್ದಿತು. ಬೇರೆ ಬ್ಯಾಟರಿಯನ್ನು ತರುವಷ್ಟರಲ್ಲಿ ಅರ್ಧ ದಿನದ ಹದ ಕಳೆದುಹೋಯಿತು. ಮಗನೊಡನೆ ಅವರು ಫೋನಿನಲ್ಲಿ ಆಡಿದ್ದು ಒಂದೇ ಮಾತು: “ಪೆಟ್ಟಿಗೆ ಚೆನ್ನಾಗೇ ಹಾಡುತ್ತೆ ಕಣಪ್ಪ, ಟ್ರಾಕ್ಟರೇ ಏಳಲಿಲ್ಲ.”

ಮರುವಾರ ಅಳಿಯನು ನನ್ನ ಬಳಿಗೆ ಬಂದು, “ಮಾವ, ಕಿತ್ತುಹಾಕಿಬಿಡಲೇ?” ಎಂದು ಕೇಳಿದನು. ಕೀಳುವುದು ಬೇಡ, ಮೊದಲಿನಿಂದ ಸರಿಮಾಡೋಣವೆಂದೆನು. ಆಗ ನಾವಿಬ್ಬರೂ ಕಲಿತುದನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದಾಗಿ, ಹೊಲದಲ್ಲಿ ಏನು ಕೇಳಿಸುವುದೆಂದು ತಿಳಿಯಬೇಕು. ನಮ್ಮ ನಾಡಿಗೆ ರೇಡಿಯೋ ಹೊಸತಲ್ಲ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿಯೇ ಸ್ವಂತ ಪ್ರಯತ್ನದಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು, ೧೯೫೫ರಲ್ಲಿ ಬೆಂಗಳೂರು ಕೇಂದ್ರ ಹುಟ್ಟಿತು. ಬೆಂಗಳೂರಿನ ಮಧ್ಯಮತರಂಗದ ನೆಲೆ ೬೧೨ ಕಿಲೋಹರ್ಟ್ಸ್, ಎಫ್‌.ಎಂ. ಪ್ರಸಾರಗಳು ೧೦೧.೩ ಮತ್ತು ೧೦೨.೯ ಮೆಗಾಹರ್ಟ್ಸ್‌ಗಳಲ್ಲಿ. ಎಫ್‌.ಎಂ. ಧ್ವನಿ ಶುಭ್ರವಾದುದು, ಆದರೆ ಅದು ಹೆಚ್ಚಾಗಿ ದೃಷ್ಟಿಯಂತೆ ನೇರವಾಗಿ ಸಾಗುವುದು, ಬೆಟ್ಟ ಅಡ್ಡಬಂದರೆ ಕುಂದುವುದು. ಮಧುಗಿರಿಯ ಏಕಶಿಲಾ ಬೆಟ್ಟ, ಮಿಡಿಗೇಶಿ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ಪಾವಗಡದ ದುರ್ಗ—ಇಷ್ಟು ಬೆಟ್ಟಗಳುಳ್ಳ ಸೀಮೆಯಲ್ಲಿ ಒಂದು ಹೊಲದಲ್ಲಿ ಕೇಳಿದ ಕೇಂದ್ರ ಮತ್ತೊಂದರಲ್ಲಿ ಕೇಳದಿರುವುದು ಸಹಜ. ಪಾವಗಡವಂತೂ ಬೆಂಗಳೂರಿಗೆ ಸುಮಾರು ೧೫೦ ಕಿಲೋಮೀಟರು ದೂರ. ಮಧ್ಯಮತರಂಗವು ನೆಲವನ್ನನುಸರಿಸಿ ದೂರ ಹರಿಯುವುದು. ಆದರೆ ಈಗ ಮಾರುವ ಅಗ್ಗದ ಸೆಟ್ಟುಗಳಲ್ಲಿ ಎಷ್ಟೋ ಸೆಟ್ಟುಗಳಿಗೆ ಎಫ್‌.ಎಂ. ಹೊರತು ಬೇರೆ ತರಂಗವೇ ಇಲ್ಲ. ಆದುದರಿಂದ ಕೊಳ್ಳುವ ಮೊದಲು, ಎರಡು ತರಂಗಗಳೂ ಇರುವ ಒಂದು ಸಣ್ಣ ಟ್ರಾನ್ಸಿಸ್ಟರನ್ನು ಎರವಲು ತಂದು ಪ್ರತಿಯೊಂದು ಹೊಲದಲ್ಲಿಯೂ ಹಿಡಿದು ನೋಡಿರಿ. ಈ ಪರೀಕ್ಷೆಗೆ ಒಂದು ಸಂಜೆ ಸಾಕು. ಪ್ರಸಾರ ಕ್ಷೀಣವಾಗಿರುವೆಡೆ ಹಾಡು ತುಂಬಿದ ಪೆನ್‌ಡ್ರೈವನ್ನು ಹಾಕಲು ಬರುವ ಸೆಟ್ಟು ಮೇಲು.

ಎರಡನೆಯದು ಸೆಟ್ಟಿನ ಮೈಕಟ್ಟು. ಕಾರಿನೊಳಗೆ ಸುಖವಾಗಿರುವ ರೇಡಿಯೋ ಟ್ರಾಕ್ಟರಿನ ಮೇಲೆ ಬಾಳಲಾರದು. ಅಲ್ಲಿ ಧೂಳು, ಬಿಸಿಲು, ಮಳೆ, ನಡುಕ ಎಲ್ಲವೂ ಉಂಟು. ಡಬ್ಬದ ಮೇಲೆ ಐಪಿ ಎಂಬ ಅಕ್ಷರಗಳ ಮುಂದೆ ಎರಡು ಅಂಕೆಗಳಿರುವುವು: ಮೊದಲನೆಯದು ಧೂಳಿನ ವಿಷಯ, ಎರಡನೆಯದು ನೀರಿನ ವಿಷಯ. ಐಪಿ ೬೫ ಎಂದರೆ ಧೂಳು ಒಳಹೊಗದು, ಚಿಮ್ಮುವ ನೀರೂ ಕೆಡಿಸದು. ಮಣ್ಣು ಮೆತ್ತಿದ ಬೆರಳಿಗೂ ಸಿಕ್ಕುವಂತಹ ದೊಡ್ಡ ತಿರುಪು ಇರಲಿ; ಸಣ್ಣ ಗುಂಡಿಗಳನ್ನು ಹುಡುಕುವವನ ಕಣ್ಣು ಸಾಲನ್ನು ಬಿಟ್ಟಿರುವುದು. ಸೆಟ್ಟನ್ನು ಕೂರಿಸುವಾಗ ಕೆಳಗೆ ರಬ್ಬರಿನ ಬಿಲ್ಲೆಗಳನ್ನು ಕೊಡಬೇಕು. ಟ್ರಾಕ್ಟರು ಮಗುಚಿದರೆ ಚಾಲಕನನ್ನು ಕಾಯುವ ಕಬ್ಬಿಣದ ಕಮಾನಿಗೆ ಎಂದಿಗೂ ತೂತು ಕೊರೆಯಬಾರದು; ಹಿಡಿಕೆಪಟ್ಟಿಗಳಿಂದ ಬಿಗಿದರೆ ಸಾಕು.

ಏರಿಯಲ್ಲನ್ನು ಕೂರಿಸುವ ಬುಡವು ಲೋಹದ ಮೈಯನ್ನು ಚೆನ್ನಾಗಿ ಮುಟ್ಟಿರಬೇಕು. ಎಫ್‌.ಎಂ.ಗೆ ಸುಮಾರು ೭೫ ಸೆಂಟಿಮೀಟರಿನ ಕಡ್ಡಿ ಒಪ್ಪುವುದು. ಆದರೆ ತೆಂಗಿನ ಸೋಗೆ, ದಾರಿಯ ಹುಣಿಸೆಯ ಕೊಂಬೆ ಇವುಗಳ ಕೆಳಗೆ ಹಾಯುವ ಟ್ರಾಕ್ಟರಿಗೆ ಗಡುಸಾದ ಕಡ್ಡಿ ಮೂರು ದಿನ ಉಳಿಯದು. ಬಾಗಿ ಮತ್ತೆ ನೆಟ್ಟಗಾಗುವ ರಬ್ಬರಿನ ಏರಿಯಲ್ಲನ್ನೇ ಕೊಳ್ಳಿರಿ.

ಇನ್ನು ತಂತಿಯ ವಿಷಯ. ನಮ್ಮ ಭಾವನವರ ಅರ್ಧ ದಿನ ಹೋದುದು ಇದರಲ್ಲಿಯೇ. ಟ್ರಾಕ್ಟರಿನ ಬ್ಯಾಟರಿ ಸಾಮಾನ್ಯವಾಗಿ ೧೨ ವೋಲ್ಟಿನದು. ಕೆಲಸಕ್ಕೆ ಮೊದಲು ಅದರ ಋಣ ತಂತಿಯನ್ನು ಬಿಚ್ಚಬೇಕು; ಕಟ್ಟುವಾಗ ಅದನ್ನೇ ಕೊನೆಗೆ ಕಟ್ಟಬೇಕು. ಧನ ತಂತಿಯಲ್ಲಿ, ಬ್ಯಾಟರಿಯಿಂದ ಗೇಣುದ್ದದೊಳಗೆ, ಸೆಟ್ಟಿನೊಡನೆ ಬಂದ ಪತ್ರದಲ್ಲಿ ಹೇಳಿರುವ ಅಳತೆಯ ಫ್ಯೂಸನ್ನು ಹಾಕಬೇಕು. ತಂತಿಯ ಮೈ ಸವೆದು ಕಬ್ಬಿಣಕ್ಕೆ ತಾಗಿದರೆ ಬೆಂಕಿಯನ್ನು ತಡೆಯುವುದು ಅದೊಂದೇ. ಸೆಟ್ಟೂ ಧ್ವನಿ ಹಿಗ್ಗಿಸುವ ಪೆಟ್ಟಿಗೆಯೂ ಕೀಲಿ ತೆಗೆದೊಡನೆ ಸಂಪೂರ್ಣವಾಗಿ ನಿಲ್ಲುವಂತೆ ಜೋಡಿಸಿರಿ. ಗಡಿಯಾರದ ನೆನಪಿಗಾಗಿ ಸದಾ ವಿದ್ಯುತ್ತು ಬೇಕಾದ ಸೆಟ್ಟಾದರೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಕಡಿದಿಡಲು ಒಂದು ಸ್ವಿಚ್ಚನ್ನಿಡಿರಿ. ತಂತಿಯು ಹೊಗೆಕೊಳವೆಯಿಂದಲೂ ತಿರುಗುವ ಭಾಗಗಳಿಂದಲೂ ದೂರವಾಗಿ ಹಾಯಲಿ. ಇಂಜಿನಿನ ವೇಗದೊಡನೆ ಏರಿಳಿಯುವ ಕೀರಲು ಸದ್ದು ಕೇಳಿಸಿದರೆ ಅರ್ಥಿಂಗ್ ಸರಿಯಿಲ್ಲವೆಂದು ಮೊದಲು ಶಂಕಿಸಿರಿ; ಬಣ್ಣವನ್ನು ಕೆರೆದು ಬರಿಯ ಲೋಹಕ್ಕೆ ಬಿಗಿದರೆ ಬಹಳ ಮಟ್ಟಿಗೆ ಹೋಗುವುದು.

ಕೊನೆಯದಾಗಿ, ಎಲ್ಲಕ್ಕಿಂತಲೂ ಮುಖ್ಯವಾದುದು ಕಿವಿ. ಮುಚ್ಚಿದ ಗೂಡಿಲ್ಲದ ಟ್ರಾಕ್ಟರು ದುಡಿಯುವಾಗ ಅದರ ಸದ್ದೇ ಎಷ್ಟೋ ವೇಳೆ ೯೦ ಡೆಸಿಬೆಲ್ ದಾಟುವುದು. ಎಂಟು ಗಂಟೆಯ ದುಡಿಮೆಗೆ ೮೫ ಡೆಸಿಬೆಲ್ಲು ಮಿತಿಯೆಂದು ತಜ್ಞರು ಹೇಳುವರು. ಪ್ರತಿ ೩ ಡೆಸಿಬೆಲ್ ಏರಿದಂತೆ ಸಹಿಸಬಹುದಾದ ಹೊತ್ತು ಅರ್ಧಕ್ಕಿಳಿಯುವುದು. ಇಂಜಿನನ್ನು ಮೀರಿಸಿ ಕೂಗುವ ಸ್ಪೀಕರನ್ನು ಕೊಟ್ಟವನು ತಂದೆಗೆ ಕೊಟ್ಟುದು ಕಿವುಡುತನವನ್ನು. ಕಿವಿಯನ್ನು ಮುಚ್ಚಿ ಹಾಡು ಕೇಳಿಸುವ ಸಾಧನವೂ ಸಲ್ಲದು. ಹಿಂದೆ ನಿಂತವರ ಕೂಗು ಆಗ ಕೇಳಿಸದು. ಹಿಂದಕ್ಕೆ ಸರಿಯುವ ಟ್ರೈಲರಿನ ಹಿಂದೆ ಮಗುವೊಂದು ಓಡಿಬಂದರೆ, ತಾಯಿಯ ಒಂದು ಕೂಗಿನ ಮೇಲೆ ಪ್ರಾಣ ನಿಂತಿರುವುದು.

ಆದುದರಿಂದ ನಾವು ಆ ತಟ್ಟೆಯಗಲದ ಸ್ಪೀಕರುಗಳನ್ನೂ ದೀಪಗಳನ್ನೂ ಹಿಗ್ಗಿಸುವ ಪೆಟ್ಟಿಗೆಯನ್ನೂ ತೆಗೆದು, ಅಂಗೈಯಗಲದ ಒಂದೇ ಸ್ಪೀಕರನ್ನು ಮೇಲ್ಛಾವಣಿಯ ಕಂಬಕ್ಕೆ, ಆಸನದತ್ತ ಮುಖಮಾಡಿ ಬಿಗಿದೆವು. ಹತ್ತಿರವಿದ್ದರೆ ಮೆಲುದನಿಯೂ ಸಾಕು. ಉಳುವಾಗ ಕೇಳಿಸಿದಷ್ಟು ಕೇಳಿಸಲಿ. ಬುತ್ತಿ ಬಿಚ್ಚುವ ಹೊತ್ತಿನಲ್ಲಿ, ಇಂಜಿನು ನಿಂತಿರುವಾಗ, ನೆಮ್ಮದಿಯಾಗಿ ಕೇಳಬಹುದು. ಸಣ್ಣ ಸೆಟ್ಟು ಎರಡು ಆಂಪಿಯರ್ ಎಳೆದರೂ ಅರ್ಧ ಗಂಟೆಗೆ ವ್ಯಯವಾಗುವುದು ಒಂದೇ ಆಂಪಿಯರ್-ಗಂಟೆ. ಒಳ್ಳೆಯ ಬ್ಯಾಟರಿಗೆ ಇದೊಂದು ಭಾರವಲ್ಲ.

ಈ ವರ್ಷದ ಬಿತ್ತನೆಯ ಕಾಲದಲ್ಲಿ ನಾನು ಭಾವನವರ ಹೊಲಕ್ಕೆ ಹೋಗಿದ್ದೆನು. ಬದುವಿನ ಕೊನೆಯಲ್ಲಿ ಟ್ರಾಕ್ಟರನ್ನು ಹಿಂದಕ್ಕೆ ತಿರುಗಿಸುವ ಮೊದಲು ಅವರ ಎಡಗೈ ತಾನಾಗಿಯೇ ಹೋಗಿ ರೇಡಿಯೋವನ್ನು ನಿಲ್ಲಿಸುತ್ತಿತ್ತು. ಹೊಸ ಸಾಲು ಹಿಡಿದೊಡನೆ ಮತ್ತೆ ತಿರುಪನ್ನು ಮುಟ್ಟುತ್ತಿತ್ತು. ಮಧ್ಯಾಹ್ನ ಹುಣಿಸೆಯ ನೆರಳಿನಲ್ಲಿ ಮುದ್ದೆ ಮುರಿಯುತ್ತ ಹವೆಯ ವರದಿಯನ್ನು ಕೇಳಿ, “ನಾಳೆ ಸಂಜೆಯೊಳಗೆ ಕೆಳಗಿನ ಹೊಲ ಮುಗಿಸಿಬಿಡಬೇಕು” ಎಂದರು. ಮಗನ ಹೆಸರನ್ನು ಅವರು ಎತ್ತಲಿಲ್ಲ. ಊಟವಾದ ಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಆ ಪೆಟ್ಟಿಗೆಯ ಧೂಳನ್ನು ನಿಧಾನವಾಗಿ ಒರೆಸಿ, ಮತ್ತೆ ಕೀಲಿಯನ್ನು ತಿರುಗಿಸಿದರು. ಟ್ರಾಕ್ಟರು ಒಂದೇ ಸಲಕ್ಕೆ ಎದ್ದಿತು.