ಬಳೆಯೊಳಗಿನ ರಸಾಯನ

ಮಿಶ್ರಣ, ಸಂಯುಕ್ತ, ಕ್ರಿಯೆ ಎಂದು ನಮ್ಮ ಹುಡುಗರು ಉರುಹೊಡೆಯುವ ಮಾತುಗಳಿಗೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಕುಲುಮೆಯೇ ಪಾಠಶಾಲೆಯಾಗಿತ್ತು. 1800-1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ಗಾಜಿನ ಬಳೆಯ ಕಸುಬನ್ನು ವರ್ಣಿಸಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣ. ಕಪ್ಪಿಗೇ ಗಿರಾಕಿ ಹೆಚ್ಚು. ಆ ಕುಲುಮೆಗಳು ಆರಿ ಬಹುಕಾಲವಾಯಿತು, ಪಾಠ ಮಾತ್ರ ಹಳತಾಗಿಲ್ಲ.

ಬಿಳಿ ಬೆಣಚುಕಲ್ಲು ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಚೌಳುಮಣ್ಣಿನಿಂದ ಬರುವ ಸೋಡಾಕ್ಷಾರ ಇನ್ನೊಂದು. ಎರಡರ ಪುಡಿಯನ್ನೂ ಬೆರೆಸಿದರೆ ಅದು ಬರಿಯ ಮಿಶ್ರಣ. ನೀರು ಹೊಯ್ದರೆ ಕ್ಷಾರ ಕರಗುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಮೂಸೆಯಲ್ಲಿಟ್ಟು ಚೆನ್ನಾಗಿ ಕಾಯಿಸಿದರೋ, ಇಂಗಾಲಾಮ್ಲ ವಾಯು ಹೊರಟುಹೋಗಿ ಉಳಿದದ್ದೆಲ್ಲ ಒಂದಾಗಿ ಕರಗುತ್ತದೆ. ಕಲ್ಲೂ ಕ್ಷಾರವೂ ಮತ್ತೆ ಹಾಗೆ ಬೇರೆಯಾಗವು. ಇದೇ ರಾಸಾಯನಿಕ ಕ್ರಿಯೆ. ಬೆಣಚೊಂದೇ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಹಳ್ಳಿಯ ಕುಲುಮೆಗೆ ಅದು ಎಟುಕದು. ಕ್ಷಾರ ಸೇರಿದ್ದರಿಂದಲೇ ಕೆಲಸ ಸಾಗಿತು.

ಹಾಗಾದರೆ ಗಾಜು ಸಂಯುಕ್ತವೇ? ಸಂಯುಕ್ತದಲ್ಲಿ ಧಾತುಗಳ ಪ್ರಮಾಣ ನಿಶ್ಚಿತ. ಗಾಜಿನಲ್ಲಾದರೋ ಕ್ಷಾರ ಒಂದಿಷ್ಟು ಹೆಚ್ಚಾದರೂ ಕಡಮೆಯಾದರೂ ಅದು ಗಾಜೇ. ಪುಸ್ತಕದ ಎರಡು ಲಕ್ಷಣಗಳಲ್ಲಿ ಯಾವುದಕ್ಕೂ ಅದು ಸರಿಯಾಗಿ ಒಗ್ಗುವುದಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆ ಕೇಳುವವರು ವಿರಳ; ಕೇಳಬೇಕು.