ಒಬ್ಬರ ತಟ್ಟೆಗೆ ಕ್ರಿಸ್‌ಮಸ್ ಊಟ

ನಮ್ಮ ಹಬ್ಬದಡುಗೆಯ ಅಳತೆಗಳೆಲ್ಲ ತುಂಬಿದ ಮನೆಗೆ ಹೊಂದುವಂಥವು: ಸೇರುಗಟ್ಟಲೆ ಅಕ್ಕಿ, ಕಿಲೊಗಟ್ಟಲೆ ಮಾಂಸ, ಡಬ್ಬಿ ತುಂಬ ಕರ್ಜಿಕಾಯಿ. ಆದರೆ ಡಿಸೆಂಬರ್ 25ರಂದು ಒಬ್ಬರೇ ಉಣ್ಣುವವರು ದಾವಣಗೆರೆ, ಹರಿಹರಗಳಲ್ಲಿ ಇದ್ದೇ ಇರುತ್ತಾರೆ. ದಾವಣಗೆರೆಗೆ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂದವು; ಹತ್ತಿಗಿರಣಿಗಳ ಊರು ಓದುವವರ ಊರೂ ಆಯಿತು. ಬಾಡಿಗೆ ಕೋಣೆಯಲ್ಲಿ ಉಳಿದ ವಿದ್ಯಾರ್ಥಿ, ಚಿಗಟೇರಿ ಜಿಲ್ಲಾಸ್ಪತ್ರೆಯಂಥ ಕಡೆ ಹಬ್ಬದ ದಿನವೂ ಡ್ಯೂಟಿ ಇರುವ ನರ್ಸ್, ಪಾಳಿ ಮುಗಿಸಿ ಬರುವ ಕಾರ್ಖಾನೆ ಕೆಲಸಗಾರ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಹಳೆಯ ಮನೆಯಲ್ಲಿ ಉಳಿದ ಅಜ್ಜಿ, ಎಲ್ಲರ ಬಾಯಲ್ಲೂ ಒಂದೇ ಮಾತು: “ನನ್ನೊಬ್ಬಳಿಗೆ, ನನ್ನೊಬ್ಬನಿಗೆ ಏನಂತ ಮಾಡಿಕೊಳ್ಳೋದು?”

ಮಾಡಿಕೊಳ್ಳಲೇಬೇಕು ಎನ್ನುವುದೇ ಈ ಅಧ್ಯಾಯದ ಮಾತು. ತಲೆ ಎಣಿಸಿ ಹಬ್ಬವನ್ನು ಕಿರಿದು ಮಾಡಬಾರದು. ತುಂಬು ಮನೆಯ ಹತ್ತು ಬಗೆಯನ್ನು ಒಬ್ಬರಿಗೆಂದು ಚೂರುಚೂರು ಮಾಡಲು ಹೋದರೆ ದಣಿವು, ಖರ್ಚು ಎರಡೂ ಹೆಚ್ಚು. ಮುಖ್ಯವಾದ ಒಂದು ಅಡುಗೆ ಆರಿಸಿ, ಅದನ್ನು ಮನಸಿಟ್ಟು ಮಾಡಿದರೆ ಸಾಕು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ

ಕ್ರಿಸ್‌ಮಸ್ ಅಡುಗೆಯ ಗಡಿಯಾರ ಪೂಜೆಯ ಹೊತ್ತಿಗೆ ಹೊಂದಿಕೊಂಡಿರಬೇಕು. ದಾವಣಗೆರೆಯ ಪಿ.ಜೆ. ಬಡಾವಣೆಯ ಸಂತ ಥಾಮಸರ ಚರ್ಚಿಗೆ ಹೋಗುವವರಿರಲಿ, 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರಿಂದ ಕಿರಿಯ ಬೆಸಿಲಿಕಾ ಪದವಿ ಪಡೆದ ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಹೋಗುವವರಿರಲಿ, 24ರ ರಾತ್ರಿಯ ಬಲಿಪೂಜೆ ಮುಗಿಸಿ ಮನೆ ಸೇರುವಷ್ಟರಲ್ಲಿ ಒಲೆ ಹಚ್ಚುವ ಹುಮ್ಮಸ್ಸು ಉಳಿದಿರುವುದಿಲ್ಲ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬಾರದೆಂಬುದು ಕಥೋಲಿಕರ ನಿಯಮ. ಹಾಗಾಗಿ ಆ ಸಂಜೆ ಬೇಗನೆ ಹಗುರವಾಗಿ ಉಣ್ಣಿ. ಬಂದ ಮೇಲೆ ಕೇಕಿನ ಒಂದು ತುಂಡು, ಬಿಸಿ ಹಾಲು ಸಾಕು. ದೊಡ್ಡ ಊಟ ಮರುದಿನ ಮಧ್ಯಾಹ್ನಕ್ಕಿರಲಿ. ಎರಡೂ ಊರಿನ ನಡುವೆ ಇರುವುದು ಹದಿನಾಲ್ಕು ಕಿಲೊಮೀಟರಿನಷ್ಟು ದಾರಿ. ಬೆಳಿಗ್ಗೆ ಗೋದಲಿ ನೋಡಿಕೊಂಡು ಊಟದ ಹೊತ್ತಿಗೆ ಮರಳಬಹುದು. 25ರಂದು ಡ್ಯೂಟಿ ಇರುವವರು ಇದೇ ಊಟವನ್ನು ರಾತ್ರಿಗೆ ಇಟ್ಟುಕೊಳ್ಳಲಿ.

ತಟ್ಟೆಯಲ್ಲಿ ಏನಿರಬೇಕು

ಒಂದು ಮುಖ್ಯ ಅಡುಗೆ, ಒಂದು ಅನ್ನ ಅಥವಾ ರೊಟ್ಟಿ, ಒಂದು ತಂಪು, ಒಂದು ಸಿಹಿ. ಮುಖ್ಯ ಅಡುಗೆಗೆ ಕಾಲು ಕಿಲೊ ಕೋಳಿ ಹದವಾದ ಅಳತೆ: ಮೂಳೆ ಕಳೆದರೆ ಒಂದು ಹೊಟ್ಟೆತುಂಬ ಊಟ, ಮತ್ತೊಂದು ಸಣ್ಣ ಊಟ. ಮಾಂಸ ತಿನ್ನದವರಿಗೆ ನಾಲ್ಕು ಎಳೆಯ ಬದನೆಕಾಯಿಯ ಎಣ್ಣೆಗಾಯಿ ಅಷ್ಟೇ ಗೌರವದ ಹಬ್ಬದಡುಗೆ. ಮುಕ್ಕಾಲು ಲೋಟ ಅಕ್ಕಿಯ ಕುಷ್ಕಾ ಮಾಡಿಕೊಳ್ಳಿ. ಅದೂ ಕಷ್ಟವೆನಿಸಿದರೆ ಎರಡು ಜೋಳದ ರೊಟ್ಟಿ ಕೊಂಡು ತನ್ನಿ. ಈ ಸೀಮೆಯಲ್ಲಿ ರೊಟ್ಟಿ ಬಿಡಿಯಾಗಿ ಸಿಗುವುದೇ ಒಬ್ಬರಿರುವವರ ಭಾಗ್ಯ. ತಂಪಿಗೆ ಸೌತೆಕಾಯಿಯ ಮೊಸರುಬಜ್ಜಿ.

24ರ ಮಧ್ಯಾಹ್ನವೇ ಕೋಳಿಗೆ ಎರಡು ಚಮಚ ಮೊಸರು, ಉಪ್ಪು, ಅರಿಸಿನ, ಶುಂಠಿ-ಬೆಳ್ಳುಳ್ಳಿ ಸವರಿ ಫ್ರಿಜ್ಜಿನಲ್ಲಿಡಿ. ಮೊಸರಿನ ಹುಳಿ ಮಾಂಸವನ್ನು ಮೆತ್ತಗಾಗಿಸುತ್ತದೆ, ಉಪ್ಪು ಬೇಯುವಾಗ ಅದರ ರಸ ಸೋರಿಹೋಗದಂತೆ ಹಿಡಿದಿಡುತ್ತದೆ. ಚಳಿಗಾಲವೆಂದು ನಂಬಿ ಹೊರಗಿಡಬೇಡಿ. ದಾವಣಗೆರೆಯ ಡಿಸೆಂಬರ್ ರಾತ್ರಿ ಎಷ್ಟೇ ತಣ್ಣಗಿದ್ದರೂ ಫ್ರಿಜ್ಜಿನ 5 ಡಿಗ್ರಿಗೆ ಇಳಿಯುವುದಿಲ್ಲ. ಫ್ರಿಜ್ ಇಲ್ಲದವರು ಮರುದಿನ ಬೆಳಿಗ್ಗೆಯೇ ಕೋಳಿ ತಂದು, ಅರ್ಧ ಗಂಟೆ ನೆನೆಸಿ ಬೇಯಿಸಲಿ.

ಅಳತೆ ಇಳಿಸುವ ಬಗೆ

ನಾಲ್ವರ ಅಡುಗೆಯ ಎಲ್ಲ ಸಾಮಾನನ್ನೂ ನಾಲ್ಕರಿಂದ ಭಾಗಿಸಿದರೆ ಒಬ್ಬರ ಅಡುಗೆಯಾಗುವುದಿಲ್ಲ. ಉಪ್ಪು, ಖಾರ ಆ ಲೆಕ್ಕಕ್ಕೆ ಬಗ್ಗುತ್ತವೆ, ನೀರು ಬಗ್ಗುವುದಿಲ್ಲ. ಅಗಲ ಪಾತ್ರೆಯಲ್ಲಿ ಸ್ವಲ್ಪವೇ ಸಾರಿದ್ದರೆ ಮಾಂಸ ಬೇಯುವ ಮೊದಲೇ ನೀರು ಇಂಗಿ ತಳ ಹಿಡಿಯುತ್ತದೆ. ದಪ್ಪ ತಳದ ಸಣ್ಣ ಪಾತ್ರೆ, ಮೇಲೊಂದು ಮುಚ್ಚಳ, ಸಣ್ಣ ಉರಿ ಇರಲಿ. ಕುಕ್ಕರ್ ಬಳಸುವುದಾದರೆ, ಒಳಗಿನ ಅಡುಗೆ ಎಷ್ಟೇ ಕಡಿಮೆಯಿರಲಿ, ಆವಿಯೇಳಲು ತಳದಲ್ಲಿ ಒಂದು ಲೋಟ ನೀರು ಬೇಕು. ಚಕ್ಕೆ, ಲವಂಗ ಒಂದೊಂದೇ ಸಾಕು.

ಕೋಳಿಗೆಂದು ರುಬ್ಬುವ ಕೊತ್ತಂಬರಿ, ಪುದೀನ, ಹಸಿಮೆಣಸಿನ ಮಸಾಲೆ ತೀರಾ ಕಡಿಮೆಯಿದ್ದರೆ ಮಿಕ್ಸಿಯ ಬ್ಲೇಡಿಗೆ ಸಿಗದೆ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಎರಡರಷ್ಟು ರುಬ್ಬಿ, ಅರ್ಧವನ್ನು ಫ್ರೀಜರಿನಲ್ಲಿಡಿ. ಹೊಸವರ್ಷದ ಅಡುಗೆಗೆ ಒದಗುತ್ತದೆ.

ಒಂದು ಮೊಟ್ಟೆಯ ಕೇಕ್

ಬೇಕರಿಯಲ್ಲಿ ಸಣ್ಣ ಪ್ಲಮ್ ಕೇಕ್ ಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲ. ಮನೆಯಲ್ಲೇ ಮಾಡುವ ಆಸೆಯಿದ್ದರೆ ಹಳೆಯ ಪೌಂಡ್ ಕೇಕಿನ ಸೂತ್ರ ಒಬ್ಬರಿಗೆ ಬಲು ಅನುಕೂಲ. ಹಿಟ್ಟು, ಸಕ್ಕರೆ, ಬೆಣ್ಣೆ, ಮೊಟ್ಟೆ ನಾಲ್ಕೂ ಸಮತೂಕ ಎಂಬುದೇ ಆ ಸೂತ್ರ. ಒಂದು ಮೊಟ್ಟೆಯ ತಿರುಳು ಸುಮಾರು 50 ಗ್ರಾಂ. ಹಾಗಾಗಿ ಉಳಿದ ಮೂರೂ 50 ಗ್ರಾಂ. ಬೆಣ್ಣೆದೋಸೆಯ ಊರಿನಲ್ಲಿ ಒಳ್ಳೆಯ ಬೆಣ್ಣೆಗೆ ಬರವಿಲ್ಲ. ಹುಳಿವಾಸನೆಯಿಲ್ಲದ ಹೊಸ ಬೆಣ್ಣೆ ತಂದು, ನೀರು ಹಿಂಡಿ ತೂಗಿ. ಬೆಣ್ಣೆ, ಸಕ್ಕರೆ ಬೆಳ್ಳಗಾಗುವವರೆಗೆ ಚೆನ್ನಾಗಿ ನಾದಿ. ಆಗ ಸೇರುವ ಗಾಳಿಯೇ ಕೇಕನ್ನು ಉಬ್ಬಿಸುತ್ತದೆ. ಮೊಟ್ಟೆ ಸೇರಿಸಿ, ಆಮೇಲೆ ಮೈದಾ, ಕಾಲು ಚಮಚ ಬೇಕಿಂಗ್ ಪೌಡರ್, ಹಿಟ್ಟಿನಲ್ಲಿ ಹೊರಳಿಸಿದ ಒಣದ್ರಾಕ್ಷಿ ಹಾಕಿ. ಮುಚ್ಚಳವಿರುವ ದಪ್ಪ ಬಾಣಲೆಯಲ್ಲಿ ಸ್ಟ್ಯಾಂಡಿನ ಮೇಲೆ ಡಬ್ಬಿಯಿಟ್ಟು, ಸಣ್ಣ ಉರಿಯಲ್ಲಿ ಅರ್ಧ ಗಂಟೆಯಷ್ಟು ಬೇಯಿಸಿ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಕೇಕ್ ಬೆಂದಿದೆ.

ಉಳಿದದ್ದನ್ನು ಉಳಿಸುವುದು

ಒಬ್ಬರ ಮನೆಯಲ್ಲಿ ಉಳಿಯುವುದೇ ಹೆಚ್ಚು. ಊಟದ ಮುನ್ನವೇ ನಾಳೆಯ ಪಾಲು ತೆಗೆದಿಡಿ. ಬೇಯಿಸಿದ ಎರಡು ಗಂಟೆಯೊಳಗೆ ಅದು ಫ್ರಿಜ್ ಸೇರಬೇಕು. ಅನ್ನದ ಬಗ್ಗೆ ಇನ್ನೂ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿಮಾಡಿದರೂ ಹೋಗದು. ಕೋಳಿ ಸಾರನ್ನು ಮರುದಿನ ಕೊತಕೊತ ಕುದಿಸಿಯೇ ಉಣ್ಣಿ.

ಕೊಡುವ ಪಾಲು

ಕರಾವಳಿಯ ಕೊಂಕಣಿ ಕ್ರೈಸ್ತರು ನೆವ್ರಿ, ಕಿಡಿಯೊ, ಗುಳಿಯೊ ಮುಂತಾದ ತಿಂಡಿಗಳನ್ನು ಕುಸ್ವಾರ್ ಎಂದು ಕರೆದು, ತಟ್ಟೆ ತುಂಬಿ ನೆರೆಮನೆಗೆ ಕಳಿಸುತ್ತಾರೆ. ಕ್ರಿಸ್‌ಮಸ್ ಅಡುಗೆಯಲ್ಲಿ ಹೊರಗೆ ಕೊಡುವ ಪಾಲು ಮೊದಲಿನಿಂದಲೂ ಸೇರಿಕೊಂಡೇ ಇದೆ. ಒಬ್ಬರೇ ಇರುವವರ ಯೋಜನೆಯಲ್ಲಿ ಜನ ಮರೆಯುವುದು ಇದನ್ನೇ. ಒಂದು ಮೊಟ್ಟೆಯ ಕೇಕಿನಲ್ಲಿ ನಾಲ್ಕು ತುಂಡಾಗುತ್ತವೆ. ಒಂದು ನಿಮಗೆ; ಉಳಿದ ಮೂರು ಮನೆಯೊಡತಿಗೆ, ಪಕ್ಕದ ಕೋಣೆಯವರಿಗೆ, ರಾತ್ರಿ ಪಾಳಿಯ ಜೊತೆಗಾರರಿಗೆ. ಸಾಮಾನಿನ ಪಟ್ಟಿ ಬರೆಯುವಾಗಲೇ ಆ ಮೂವರ ಹೆಸರೂ ಬರೆದುಕೊಳ್ಳಿ. ತುಂಡು ಕೊಡಲು ಬಾಗಿಲಿಗೆ ಹೋದಾಗ, ಅವರೂ ಒಬ್ಬರೇ ಇದ್ದಾರೆಂದು ತಿಳಿದರೆ, ಊಟಕ್ಕೇ ಕರೆಯಿರಿ: ಕಾಲು ಕಿಲೊ ಕೋಳಿಯಲ್ಲಿ ಇಬ್ಬರಿಗೂ ಆಗುತ್ತದೆ, ಇನ್ನೆರಡು ರೊಟ್ಟಿ ತಂದರಾಯಿತು.