ಬಿಸಿಲುಂಡು ಬೆಳಗುವ ಉಡುಗೊರೆ

1954ರ ಏಪ್ರಿಲ್ 25ರಂದು ಅಮೆರಿಕದ ಬೆಲ್ ಪ್ರಯೋಗಾಲಯ ತನ್ನ ಸಿಲಿಕಾನ್ ಸೌರಕೋಶವನ್ನು ಜನರ ಮುಂದಿಟ್ಟಾಗ, ಅದರಿಂದ ಒಂದು ಆಟಿಕೆ ಜೈಂಟ್ ವೀಲನ್ನು ತಿರುಗಿಸಿ ತೋರಿಸಿತು. ಬಿದ್ದ ಬಿಸಿಲಿನಲ್ಲಿ ಸುಮಾರು ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿದ್ದ ಕೋಶಕ್ಕೆ ತಕ್ಕ ಕೆಲಸವೇ ಅದು. ಮೂರು ವರ್ಷದ ನಂತರ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕ ದಂಪತಿ ಅಲ್ಕೋವಾ ಕಂಪನಿಗಾಗಿ ಬಿಸಿಲಲ್ಲಿ ಬಣ್ಣದ ಚಕ್ರಗಳು ಗಿರಗಿರನೆ ತಿರುಗುವ ಯಂತ್ರವೊಂದನ್ನು ಕಟ್ಟಿದರು. ತಿರುಗುವುದು ಬಿಟ್ಟರೆ ಅದರಿಂದ ಮತ್ತೇನೂ ಉಪಯೋಗವಿರಲಿಲ್ಲ. ‘ಏನೂ ಮಾಡದ ಯಂತ್ರ’ ಎಂದೇ ಅದಕ್ಕೆ ಹೆಸರಾಯಿತು. ನಮ್ಮ ತಾರಸಿಗಳ ಮೇಲೆ ಸೋಲಾರ್ ಹೀಟರ್, ಪ್ಯಾನೆಲ್ಲುಗಳು ಬಂದು ಕೂರುವುದಕ್ಕೆ ಎಷ್ಟೋ ಮೊದಲೇ ಸೌರವಿದ್ಯುತ್ತು ಆಟಿಕೆಗಳಲ್ಲಿ ಅಂಬೆಗಾಲಿಟ್ಟಿತ್ತು.

ಆ ಆಟಿಕೆಯ ವಂಶ ಇನ್ನೂ ನಿಂತಿಲ್ಲ. ಬಿಡುವಿನ ವೇಳೆ ಸಾಲ್ಡರಿಂಗ್ ಐರನ್ ಹಿಡಿದು ಕೂರುವವರ ಮೇಜಿನ ಮೇಲೆ ಈಗ ಅದು ಉಡುಗೊರೆಯಾಗಿ ಹುಟ್ಟುತ್ತಿದೆ. ಹಗಲಿಡೀ ಕಿಟಕಿಯಲ್ಲಿ ಸುಮ್ಮನೆ ಕುಳಿತು, ಕತ್ತಲಾಗುತ್ತಲೇ ತಾನಾಗಿ ಹೊತ್ತಿಕೊಳ್ಳುವ ಅಂಗೈಯಗಲದ ಹಿತ್ತಾಳೆ ತಂತಿಯ ದೀಪ. ಸ್ವಿಚ್ ಇಲ್ಲ, ಚಾರ್ಜರ್ ಇಲ್ಲ. ಹಸಿರು ಸರ್ಕಿಟ್ ಹಲಗೆಯೂ ಇಲ್ಲ. ಬಿಡಿಭಾಗಗಳನ್ನು ಹೊತ್ತು ನಿಲ್ಲುವ ತಂತಿಯೇ ಕರೆಂಟನ್ನೂ ಸಾಗಿಸುತ್ತದೆ. ಹೀಗೆ ಸರ್ಕಿಟ್ಟನ್ನೇ ಶಿಲ್ಪವಾಗಿ ಕಟ್ಟುವ ಕಲೆಗೆ ಜರ್ಮನಿಯ ಪೀಟರ್ ಫೋಗಲ್ ಹಿರಿಯರು. ನೆರಳು ಬಿದ್ದರೆ ಸ್ಪಂದಿಸುವ ತಂತಿ ಶಿಲ್ಪಗಳನ್ನು ಅವರು ದಶಕಗಳ ಕಾಲ ಕಟ್ಟಿದರು. ಇಂದಿನ ಹವ್ಯಾಸಿಗಳಿಗೆ ಹೆಚ್ಚು ಪರಿಚಿತರು ಭಾರತ ಮೂಲದ ಎಂಜಿನಿಯರ್ ಮೋಹಿತ್ ಭೋಯಿಟೆ. ಅವರ ಹಿತ್ತಾಳೆ ಕೆಲಸದ ಅಚ್ಚುಕಟ್ಟು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಎರಡು ವೋಲ್ಟಿನ ಪುಟ್ಟ ಸೋಲಾರ್ ಪ್ಯಾನೆಲ್, ಮರುಪೂರಣವಾಗುವ 1.2 ವೋಲ್ಟಿನ ಒಂದು ನಿಕಲ್ ಶೆಲ್, ಒಂದು ಎಲ್‌ಇಡಿ, ಒಂದು ಇಂಡಕ್ಟರ್ ಮತ್ತು ಕ್ಯೂಎಕ್ಸ್5252 ಎಂಬ ನಾಲ್ಕು ಕಾಲಿನ ಚಿಪ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತವೆ. ಅಷ್ಟು ದೂರ ಹೋಗಲಾರದವರು ಕೆಟ್ಟುಹೋದ ಗಾರ್ಡನ್ ಲೈಟ್ ಒಂದನ್ನು ಬಿಚ್ಚಿದರೂ ಆದೀತು. ಅದರ ಹೊಟ್ಟೆಯೊಳಗೆ ಸಾಮಾನ್ಯವಾಗಿ ಇರುವುದು ಇದೇ ಬಗೆಯ ಸರ್ಕಿಟ್. ಕೆಟ್ಟಿರುವುದು ಬಹುಪಾಲು ಶೆಲ್ ಮಾತ್ರ.

ಬಿಳಿ ಎಲ್‌ಇಡಿ ಉರಿಯಲು ಸುಮಾರು ಮೂರು ವೋಲ್ಟ್ ಬೇಕು, ಶೆಲ್ ಕೊಡುವುದು 1.2. ಈ ಕೊರತೆಯನ್ನು ತುಂಬಿಕೊಡುವುದು ಇಂಡಕ್ಟರ್. ರಭಸವಾಗಿ ಹರಿಯುವ ನಲ್ಲಿಯನ್ನು ತಟ್ಟನೆ ಮುಚ್ಚಿದರೆ ಪೈಪು ಧಡ್ ಎಂದು ಅದುರುತ್ತದಲ್ಲ, ಹಾಗೆ ಇಂಡಕ್ಟರ್‌ನಲ್ಲಿ ಹರಿಯುವ ಕರೆಂಟನ್ನು ಥಟ್ಟನೆ ಕಡಿದಾಗ ವೋಲ್ಟೇಜು ಮೇಲಕ್ಕೆ ಚಿಮ್ಮುತ್ತದೆ. ಚಿಪ್ಪು ಇದನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ನಮ್ಮ ಕಣ್ಣಿಗೆ ಎಡೆಬಿಡದ ಬೆಳಕಾಗಿ ಕಾಣುತ್ತದೆ. ಕತ್ತಲಾಯಿತೆಂದು ತಿಳಿಯಲು ಬೇರೆ ಸೆನ್ಸರ್ ಬೇಕಿಲ್ಲ. ಪ್ಯಾನೆಲ್ಲಿನ ವೋಲ್ಟೇಜು ಕುಸಿದದ್ದೇ ಚಿಪ್ಪಿಗೆ ಮುಸ್ಸಂಜೆಯ ಸುಳಿವು.

ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಕಷ್ಟ ಇರುವುದು ಪಡೆಯುವವರ ಮನೆಯನ್ನು ತಿಳಿಯುವುದರಲ್ಲಿ. ಅವರ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ? ಹೊರಗೆ ಮಾವಿನ ಮರವಿದೆಯೋ, ಪಕ್ಕದ ಅಪಾರ್ಟ್‌ಮೆಂಟಿನ ಗೋಡೆಯೋ? ಕೋಣೆಯೊಳಗೆ ನಮಗೆ ಧಾರಾಳವೆನಿಸುವ ಬೆಳಕು 300ರಿಂದ 500 ಲಕ್ಸ್. ನಡುಹಗಲ ಬಯಲಲ್ಲಿ ಅದು ಒಂದು ಲಕ್ಷದ ಆಸುಪಾಸು. ನಮ್ಮ ಕಣ್ಣು ಈ ಅಂತರವನ್ನು ಮರೆಸುತ್ತದೆ, ಪ್ಯಾನೆಲ್ ಮರೆಸುವುದಿಲ್ಲ. ಪುಸ್ತಕದ ಕಪಾಟಿನ ಮೇಲೆ ಇಡುವ ಅಮ್ಮನಿಗೆ ಇದನ್ನು ಕೊಟ್ಟರೆ ಎರಡೇ ದಿನದಲ್ಲಿ ಅದು ಅಲಂಕಾರದ ತಂತಿಯಾಗಿ ಉಳಿಯುತ್ತದೆ.

ಪಾಶ್ಚಾತ್ಯ ಕೈಪಿಡಿಗಳು ದಕ್ಷಿಣದ ಕಿಟಕಿಯಲ್ಲಿಡಿ ಎನ್ನುತ್ತವೆ. ಅವರ ಊರಿಗೆ ಅದು ಸರಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲದಂತಾಗುತ್ತದೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ. ಅಷ್ಟೂ ದಿನ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಇಲ್ಲವೆಂದೇ ಲೆಕ್ಕ. ನಮ್ಮಲ್ಲಿ ವರ್ಷವಿಡೀ ಕೈಬಿಡದಿರುವುದು ಪೂರ್ವದ ಅಥವಾ ಪಶ್ಚಿಮದ ಕಿಟಕಿ. ಮಲೆನಾಡಿನ ಮನೆಗಾದರೆ ಮಳೆಗಾಲದ ಮಂಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿಗೆ ದೊಡ್ಡ ಪ್ಯಾನೆಲ್ಲು, ಹೆಚ್ಚು ಮೌಲ್ಯದ ಇಂಡಕ್ಟರ್ ಬಳಸುವುದು ಮೇಲು. ಇಂಡಕ್ಟರ್ ಮೌಲ್ಯ ಹೆಚ್ಚಿದಷ್ಟೂ ಎಲ್‌ಇಡಿಗೆ ಹೋಗುವ ಕರೆಂಟು ಇಳಿಯುತ್ತದೆ. ಬೆಳಕು ಕೊಂಚ ಮಂದ, ಬಾಳಿಕೆ ದೀರ್ಘ. ನನ್ನ ಮಟ್ಟಿಗೆ ಮಂದ ಬೆಳಕೇ ಚೆಂದ. ಓದಲು ಟ್ಯೂಬ್‌ಲೈಟ್ ಇದ್ದೇ ಇದೆ.

ಇನ್ನು ಕಟ್ಟುವ ಕೆಲಸ. ಸುರುಳಿಯಾಗಿ ಬರುವ 0.8 ಮಿ.ಮೀ. ಹಿತ್ತಾಳೆ ತಂತಿಯ ಒಂದು ತುದಿಯನ್ನು ವೈಸಿಗೆ ಸಿಕ್ಕಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಬಲವಾಗಿ ಜಗ್ಗಿದರೆ ತಂತಿ ಕೊಂಚ ಹಿಗ್ಗಿ, ಎಳೆದ ಗೆರೆಯಷ್ಟು ನೇರವಾಗುತ್ತದೆ. ಮರಳು ಕಾಗದದಲ್ಲಿ ಉಜ್ಜಿ ಕಪ್ಪು ತೆಗೆಯಬೇಕು; ಕಿಲುಬಿನ ಮೇಲೆ ಸಾಲ್ಡರ್ ಹಿಡಿಯದು, ಗೋಲಿಯಾಗಿ ಉರುಳಿಹೋಗುತ್ತದೆ. ಅಸಲಿ ಅಳತೆಯ ಚಿತ್ರವನ್ನು ಕಾಗದದ ಮೇಲೆ ಬರೆದು, ತಂತಿಯನ್ನು ಅದರ ಮೇಲೇ ಟೇಪಿನಿಂದ ಅಂಟಿಸಿ ಬೆಸೆದರೆ ಕೋನಗಳು ಕದಲುವುದಿಲ್ಲ. ಫ್ಲಕ್ಸ್ ಹಚ್ಚಿ, ಬಿಸಿ ಐರನ್ನನ್ನು ತಂತಿಗೆ ತಾಗಿಸಿ, ಸಾಲ್ಡರನ್ನು ಐರನ್ನಿಗಲ್ಲದೆ ತಂತಿಗೆ ಮುಟ್ಟಿಸಿ. ತಂತಿ ತಕ್ಕಷ್ಟು ಕಾದಿದ್ದರೆ ಸಾಲ್ಡರ್ ಕರಗಿ ಸಂದಿನೊಳಕ್ಕೆ ಸರ್ರನೆ ಇಳಿದು ಹೊಳೆಯುತ್ತದೆ. ಎಲ್‌ಇಡಿ ಕಾಲಿನ ಬಳಿ ಮಾತ್ರ ಮೂರು ಸೆಕೆಂಡಿಗಿಂತ ಹೆಚ್ಚು ತಡೆಯಬಾರದು, ಸುಟ್ಟೀತು. ಅದರ ಉದ್ದದ ಕಾಲು ಪ್ಲಸ್ ಎಂಬುದೂ ನೆನಪಿರಲಿ.

ಇದು ಬೆತ್ತಲೆ ತಂತಿಯ ಕೆಲಸ. 1.2 ವೋಲ್ಟಿನಲ್ಲಿ ಶಾಕ್ ಹೊಡೆಯುವ ಮಾತಿಲ್ಲ. ಆದರೆ ಪ್ಲಸ್ ಮೈನಸ್ ಒಂದನ್ನೊಂದು ತಾಗಿದರೆ ಶೆಲ್ ಸುಡುವಷ್ಟು ಕಾಯುತ್ತದೆ. ಪ್ಲಸ್ ತಂತಿಗೆ ಪಾರದರ್ಶಕ ಸ್ಲೀವ್ ತೊಡಿಸಿದರೆ ಅಂದವೂ ಕೆಡದು. ಫ್ಲಕ್ಸಿನ ಹೊಗೆ ಹೊರಹೋಗುವಂತೆ ಕಿಟಕಿ ತೆರೆದು ಕೂತು ಕೆಲಸ ಮಾಡಿ; ಮಾಮೂಲಿ ಸಾಲ್ಡರ್‌ನಲ್ಲಿ ಸೀಸ ಇರುವುದರಿಂದ ಮುಗಿದ ಮೇಲೆ ಕೈ ತೊಳೆಯಿರಿ. ಕಂಡದ್ದನ್ನೆಲ್ಲ ಬಾಯಿಗಿಡುವ ಮಕ್ಕಳಿರುವ ಮನೆಗೆ ಇದು ತಕ್ಕ ಉಡುಗೊರೆಯಲ್ಲ.

ಶೆಲ್ಲನ್ನು ನೇರವಾಗಿ ಬೆಸೆಯುವ ಆಸೆ ಬೇಡ, ಹೋಲ್ಡರ್‌ನಲ್ಲಿ ಕೂರಿಸಿ. ಕೆಲವು ವರ್ಷಕ್ಕೆ ಶೆಲ್ ಸೋಲುವುದು ಖಚಿತ. ಪ್ಯಾನೆಲ್ಲು, ತಂತಿ ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತವೆ. ಕೊಡುವ ಮುನ್ನ ನಾಲ್ಕು ದಿನ ನಿಮ್ಮ ಮನೆಯ ಕಿಟಕಿಯಲ್ಲೇ ಇಟ್ಟು, ರಾತ್ರಿ ಎಷ್ಟು ಹೊತ್ತು ಉರಿಯುತ್ತದೆಂದು ನೋಡಿಕೊಳ್ಳಿ. ಪೊಟ್ಟಣದೊಳಗೆ ಒಂದು ಹೆಚ್ಚುವರಿ ಶೆಲ್ಲನ್ನೂ, ತಿಂಗಳಿಗೊಮ್ಮೆ ಪ್ಯಾನೆಲ್ಲಿನ ಧೂಳು ಒರೆಸಿ ಎಂಬ ಚೀಟಿಯನ್ನೂ ಇಡಲು ಮರೆಯಬೇಡಿ.